ಹವಳದ ಬಿಲದ ಹಾವುಮೀನು

ಕೊಚ್ಚಿಯ ಬಂದರಿನಿಂದ ಲಕ್ಷದ್ವೀಪಕ್ಕೆ ಹಡಗು ಹೊರಡುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಆ ದ್ವೀಪಗಳ ಸುತ್ತಣ ನೀರಿನೊಳಗೆ ಇಣುಕಿದವರು ವಿರಳ. ಅಲ್ಲಿನ ಹವಳದ ದಿಬ್ಬಗಳ ಸಂದುಗಳಲ್ಲಿ ‘ಮೋರೆ’ ಎಂಬ ಹಾವುಮೀನಿನ ವಾಸ. ಇಂಗ್ಲಿಷಿನ ಈ ಹೆಸರಿಗೂ ನಮ್ಮ ಮೋರೆಗೂ ನಂಟಿಲ್ಲ. ಆದರೂ ಹಗಲೆಲ್ಲ ಬಿಲದಿಂದ ಮೋರೆಯೊಂದನ್ನೇ ಹೊರಗೆ ತೋರುವ ಪ್ರಾಣಿಗೆ ಅದು ಒಪ್ಪುವ ಹೆಸರೇ ಸರಿ.

ಡಚ್ ವಿದ್ವಾಂಸ ಬ್ಲೇಕರ್ 1859ರಲ್ಲಿ ಜಾವಾದ ಹೆಸರಿಟ್ಟ ದೈತ್ಯ ಮೋರೆ 3 ಮೀಟರು ಉದ್ದಕ್ಕೂ 30 ಕಿಲೋ ತೂಕಕ್ಕೂ ಬೆಳೆಯುವುದುಂಟು. ಮೈಮೇಲೆ ಹುರುಪೆಯಿಲ್ಲ, ಎದೆಯಲ್ಲಿ ಈಜುರೆಕ್ಕೆಯಿಲ್ಲ. ಲೋಳೆ ಬಳಿದ ದೇಹವು ಎಂತಹ ಇಕ್ಕಟ್ಟಿನಲ್ಲಿಯೂ ನುಸುಳಬಲ್ಲದು. ಬಾಯಿ ತೆರೆದು ಮುಚ್ಚುತ್ತಿರುವುದನ್ನು ಕಂಡವರು ಕಚ್ಚಲು ಹವಣಿಸುತ್ತಿದೆಯೆಂದು ಬಗೆಯುವರು. ಅದು ಬರಿಯ ಉಸಿರಾಟ. ಕಿವಿರಿನ ರಂಧ್ರ ಚಿಕ್ಕದಾದ್ದರಿಂದ ನೀರನ್ನು ಬಾಯಿಂದಲೇ ಒತ್ತಿ ಸಾಗಿಸಬೇಕಾಗುತ್ತದೆ.

ಬಹುತೇಕ ಮೀನುಗಳು ಬಾಯಿ ಹಿಗ್ಗಿಸಿ ನೀರಿನೊಡನೆ ಬೇಟೆಯನ್ನು ಹೀರಿಕೊಳ್ಳುತ್ತವೆ. ಬಿಲದೊಳಗೆ ಆ ಉಪಾಯ ನಡೆಯದು. ಮೋರೆಗಳಿಗೆ ಗಂಟಲಲ್ಲಿ ಇನ್ನೊಂದು ಜೊತೆ ದವಡೆಯುಂಟು. ಮುಂದಿನ ಹಲ್ಲು ಹಿಡಿದೊಡನೆ ಒಳದವಡೆ ಮುಂದಕ್ಕೆ ಚಾಚಿ, ಬೇಟೆಯನ್ನು ಕಚ್ಚಿ ಒಳಗೆಳೆಯುತ್ತದೆ. ರೀಟಾ ಮೆಹ್ತಾ, ಪೀಟರ್ ವೇನ್‌ರೈಟ್ ಎಂಬ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಇದನ್ನು 2007ರಲ್ಲಿ ತೋರಿಸಿಕೊಟ್ಟರು. ಹಾಗೆಂದು ಇದು ಮನುಷ್ಯನನ್ನು ಅಟ್ಟಿಸಿಕೊಂಡು ಬರುವ ಜಂತುವಲ್ಲ. ಬಿಲದೊಳಗೆ ಕೈಯಿಟ್ಟವರೂ ಕೈತುತ್ತು ಕೊಡಹೋದವರೂ ಕಚ್ಚಿಸಿಕೊಳ್ಳುತ್ತಾರೆ. ವಿಳಿಂಜಂನ ಬಂಡೆಗಳ ಬುಡದಲ್ಲಿ ಮುಳುಗಿ ಚಿಪ್ಪಿ ಕೀಳುವ ಬಡಜನರಿಗೆ ಈ ಎಚ್ಚರ ಹೊಟ್ಟೆಪಾಡಿನ ಮಾತು.

ನಮಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಇದರ ಸ್ನೇಹ. ಮೋರೆ ಸಾಮಾನ್ಯವಾಗಿ ರಾತ್ರಿ ವಾಸನೆ ಹಿಡಿದು ಬೇಟೆಯಾಡುತ್ತದೆ. ಆದರೆ ಮಲಯಾಳಿಗಳು ಕಲವ ಎಂದೂ ಮಂಗಳೂರಿನವರು ಮುರು ಎಂದೂ ಕರೆಯುವ ಮೀನಿನ ಬಳಗದ್ದೊಂದು ಹಗಲಿನಲ್ಲಿ ಬಿಲದ ಮುಂದೆ ಬಂದು ತಲೆಯಾಡಿಸಿ ಕರೆಯುತ್ತದೆ; ಮೋರೆ ಎದ್ದು ಜೊತೆಗೆ ಹೊರಡುತ್ತದೆ! ಸಂದಿನೊಳಗೆ ಮೋರೆ ನುಗ್ಗಿದರೆ, ಹೊರಗೆ ಓಡಿದ ಬೇಟೆ ಕಾದಿರುವ ಗೆಳೆಯನ ಪಾಲು. ಹೊರಗಿನವನಿಗೆ ಹೆದರಿ ಒಳಹೊಕ್ಕದ್ದು ಮೋರೆಯ ಪಾಲು. ಕೆಂಪು ಸಮುದ್ರದಲ್ಲಿ ಕಂಡ ಈ ವ್ಯವಹಾರದ ವಿವರ 2006ರಲ್ಲಿ ಪ್ರಕಟವಾಯಿತು.

ಇನ್ನು ಅಡಿಗೆಮನೆಯ ಮಾತು. ನಮ್ಮ ಹೋಟೆಲು ಬಂಧುಗಳಲ್ಲಿ ಬಹುಮಂದಿಗೆ ಇಡ್ಲಿ ಸಾಂಬಾರಿನಾಚೆಯ ಚಿಂತೆಯಿಲ್ಲ. ಮೀನು ಬೇಯಿಸುವವರು ಇದನ್ನು ಗಮನಿಸಬೇಕು. ಹವಳದ ಮೇಲಿನ ಪಾಚಿಗೆ ಅಂಟಿಕೊಂಡಿರುವ ಸೂಕ್ಷ್ಮಜೀವಿಯ ನಂಜು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತ, ಕಡೆಗೆ ದೈತ್ಯ ಮೋರೆಯಲ್ಲಿ ಶೇಖರವಾಗಬಹುದು. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಬೇಯಿಸಿದರೂ ಉಪ್ಪು ಹಾಕಿದರೂ ಮಂಜುಗಡ್ಡೆಯಲ್ಲಿಟ್ಟರೂ ಹೋಗದು. ತಲೆ, ಕರುಳು, ಪಿತ್ತಜನಕಾಂಗಗಳಲ್ಲಿ ಹೆಚ್ಚು. ತಿಂದವನಿಗೆ ವಾಂತಿ, ಭೇದಿ, ತುಟಿಯ ಜೋಮು. ತಣ್ಣೀರು ಮುಟ್ಟಿದರೆ ಸುಟ್ಟಂತಾಗುವುದೂ ಉಂಟು.