ಕೊರಳಪಟ್ಟಿ ಕಳಿಸುವ ಅಂಕಿಗಳು

ರೇಡಿಯೋ ಕಾಲರ್ ಎಂದರೆ ಕಾಡುಪ್ರಾಣಿಯ ಕೊರಳಿಗೆ ಕಟ್ಟುವ, ಬ್ಯಾಟರಿಯೂ ಟ್ರಾನ್ಸ್‌ಮಿಟರೂ ಇರುವ ಪಟ್ಟಿ. 2022ರ ಡಿಸೆಂಬರ್‌ನಲ್ಲಿ ನೀಲಗಿರಿಯ ಪಂದಲೂರು ಸೀಮೆಯಲ್ಲಿ ಸೆರೆಸಿಕ್ಕ ‘ಪಿಎಂ-2’ ಎಂಬ ಮಖ್ನಾಕ್ಕೆ, ಅಂದರೆ ಕೋರೆಯಿಲ್ಲದ ಗಂಡಾನೆಗೆ, ಇಂಥ ಪಟ್ಟಿ ಕಟ್ಟಲಾಯಿತು. ಅಕ್ಕಿಯ ವಾಸನೆಗೆ ಮನೆಗೋಡೆ ಕೆಡವುತ್ತಿದ್ದ ಈ ಆನೆ ಹಿಂದಿನ ತಿಂಗಳಷ್ಟೇ ದೇವಾಲದ ಬಳಿ ಮಹಿಳೆಯೊಬ್ಬರನ್ನು ಕೊಂದಿತ್ತು. ಮುದುಮಲೆಯಲ್ಲಿ ಬಿಟ್ಟ ಮೇಲೆ ಅದು ಗಡಿ ದಾಟಿ ನಡೆಯಿತು; 2023ರ ಜನವರಿಯಲ್ಲಿ ಕೇರಳದ ಸುಲ್ತಾನ್ ಬತ್ತೇರಿ ಪೇಟೆಯೊಳಕ್ಕೇ ಬಂತು.

ಹಳೆಯ ಬಗೆಯ ವಿಎಚ್‌ಎಫ್ ಕಾಲರ್ ಬರೀ ‘ಟಿಕ್ ಟಿಕ್’ ಎನ್ನುತ್ತದೆ. ಪ್ರತಿ ಕಾಲರ್‌ಗೂ ತನ್ನದೇ ಕಂಪನಾಂಕ. ರಿಸೀವರನ್ನು ಅದಕ್ಕೆ ಹೊಂದಿಸಿ, ಆಂಟೆನಾ ತಿರುಗಿಸುತ್ತ, ಸದ್ದು ಜೋರಾದ ದಿಕ್ಕು ಗುರುತಿಸಬೇಕು. ಎರಡು ಮೂರು ಕಡೆಯಿಂದ ಎಳೆದ ದಿಕ್ಕಿನ ಗೆರೆಗಳು ಕೂಡುವಲ್ಲಿ ಆನೆ ಇರುತ್ತದೆ. ಬೆಳಗಾವಿಯ ಆನೆ ತಜ್ಞ ಅಜಯ್ ದೇಸಾಯಿ 1980ರ ದಶಕದಲ್ಲಿ ಮುದುಮಲೆಯ ಆನೆಗಳ ಜಾಡು ಹಿಡಿದದ್ದು ಹೀಗೆ. ದೇವಾಲದಂಥ ಗುಡ್ಡಗಾಡಿನಲ್ಲಿ ಅಲೆಗಳು ಬೆಟ್ಟಕ್ಕೆ ಬಡಿದು ಮರಳುವುದರಿಂದ ದಿಕ್ಕು ತಪ್ಪುವುದೂ ಉಂಟು.

ಜಿಪಿಎಸ್ ಕಾಲರ್ ಕಳಿಸುವುದು ಅಂಕಿಗಳನ್ನು. ತಮಿಳು, ಮಲಯಾಳಂ, ಕನ್ನಡ, ಪಣಿಯ, ಬೆಟ್ಟಕುರುಂಬ ಮಾತುಗಳೆಲ್ಲ ಕಿವಿಗೆ ಬೀಳುವ ನೀಲಗಿರಿಯ ಗೂಡಲೂರಿನ ಸಂತೆಯಲ್ಲಿ ಕೇಳಿಸಿದ್ದೆಲ್ಲ ಅರ್ಥವಾಗುವುದಿಲ್ಲ. ರೇಡಿಯೋ ಸಂಕೇತವೂ ಹಾಗೆಯೇ. ಅದನ್ನು ಬಿಡಿಸಿ ಓದುವ ವಿಶ್ಲೇಷಕ ತಂತ್ರಾಂಶದ ಕೆಲಸ ಇಲ್ಲಿಂದ ಶುರು. ಸಂದೇಶ ಎಲ್ಲಿ ಆರಂಭ, ಯಾವ ಬೈಟ್‌ಗಳು ಸಾಧನದ ಗುರುತು, ಯಾವುವು ಸಮಯ, ಯಾವುವು ಸ್ಥಳ ಎಂದು ಬಿಡಿಸಬೇಕು. ಹಲವು ಜಿಪಿಎಸ್ ಚಿಪ್‌ಗಳು ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿ ಪೂರ್ಣಾಂಕವಾಗಿ ಬರೆಯುತ್ತವೆ. 11,47,00,000 ಮತ್ತು 76,38,00,000 ಎಂಬ ಜೋಡಿ ಬಂದರೆ, ಭಾಗಿಸಿದಾಗ 11.47 ಡಿಗ್ರಿ ಉತ್ತರ, 76.38 ಡಿಗ್ರಿ ಪೂರ್ವ: ಅದು ದೇವಾಲ! ಅದೇ ಬೈಟ್‌ಗಳನ್ನು ಹಿಂದುಮುಂದಾಗಿ ಓದಿದರೆ ಸಿಗುವುದು ಅರ್ಥವಿಲ್ಲದ ಸಂಖ್ಯೆ. ಸಂದೇಶದ ಕೊನೆಯಲ್ಲಿ ತಾಳೆ ನೋಡುವ ಅಂಕಿಯಿರುತ್ತದೆ. ಅದು ಹೊಂದದಿದ್ದರೆ ಇಡೀ ಸಂದೇಶವನ್ನು ಕೈಬಿಡಬೇಕು.

ಈ ಮಾಹಿತಿ ಬೇಟೆಗಾರರ ಕೈಗೆ ಸಿಕ್ಕಬಾರದು. 2013ರಲ್ಲಿ ಮಧ್ಯಪ್ರದೇಶದ ಪನ್ನಾ ಹುಲಿಯೊಂದರ ಕಾಲರ್ ಮಾಹಿತಿ ಬರುತ್ತಿದ್ದ ಇಮೇಲ್ ಖಾತೆಗೆ ಯಾರೋ ನುಗ್ಗಲು ಯತ್ನಿಸಿದ್ದರು. ಗೂಢಲಿಪಿ, ಗುಪ್ತಪದಗಳ ಕಾವಲು ಬೇಕಾದದ್ದು ಇದಕ್ಕೇ.

ಆದರೆ ಕಾವಲು ಅರಣ್ಯ ಸಿಬ್ಬಂದಿಗೇ ಅಡ್ಡಿಯಾಗಬಾರದು. ಹಾಸನದ ಬೇಲೂರಿನಲ್ಲಿ ಹಿಡಿದು ಕಾಲರ್ ತೊಡಿಸಿ ಬಿಟ್ಟ ಮಖ್ನಾ 2024ರ ಫೆಬ್ರವರಿ 10ರಂದು ವಯನಾಡಿನ ಮಾನಂದವಾಡಿ ಬಳಿ ಒಬ್ಬರನ್ನು ಕೊಂದಾಗ, ಅದರ ಸಂಕೇತದ ವಿವರ ಸಕಾಲಕ್ಕೆ ಸಿಕ್ಕಿತೇ ಎಂಬುದೇ ಕರ್ನಾಟಕ, ಕೇರಳಗಳ ನಡುವಿನ ವಾದವಾಯಿತು. ಬ್ಯಾಟರಿ ಉಳಿಸಲು ಕಾಲರ್ ಗಂಟೆಗಳ ಅಂತರದಲ್ಲಿ ಸ್ಥಳ ತಿಳಿಸುವುದುಂಟು. ಅಷ್ಟರಲ್ಲಿ ಆನೆ ಮೈಲುಗಟ್ಟಲೆ ನಡೆದಿರುತ್ತದೆ. ಅದರ ಮೇಲೆ ಕಡತದ ವಿಳಂಬವೂ ಸೇರಬಾರದು. ಗೂಡಲೂರು, ಬಂಡೀಪುರ, ವಯನಾಡಿನ ಅರಣ್ಯ ಕಚೇರಿಗಳು ಕಾಲರ್ ತೊಟ್ಟ ಪ್ರತಿ ಆನೆಯ ಕಂಪನಾಂಕವನ್ನೂ ನಕ್ಷೆಯನ್ನೂ ಅದನ್ನು ಕಾಡಿಗೆ ಬಿಡುವ ದಿನವೇ ಹಂಚಿಕೊಳ್ಳಲಿ.