ಮುತ್ತಜ್ಜನ ಊರಿನ ಜನನ ಪುಸ್ತಕ

ಇಟಲಿಯ ಈಶಾನ್ಯದಲ್ಲಿ, ಡೊಲೊಮೈಟ್ ಬೆಟ್ಟಸಾಲಿನ ಒಳಗೆ ವಾಲ್ ದಿ ಜೋಲ್ದೊ ಎಂಬ ಊರಿದೆ. ಜನಸಂಖ್ಯೆ ಮೂರು ಸಾವಿರವೂ ಇಲ್ಲ. ಐಸ್‌ಕ್ರೀಮ್ ಮಾಡುವ ಕಸುಬಿಗೆ ಹೆಸರಾದ ಕಣಿವೆ ಇದು. ಇಲ್ಲಿನವರು ತಲೆಮಾರುಗಳಿಂದ ಜರ್ಮನಿಗೂ ಆಸ್ಟ್ರಿಯಾಕ್ಕೂ ಹೋಗಿ ಅಂಗಡಿ ಇಟ್ಟವರು. 2025ರ ಆರಂಭದಲ್ಲಿ ಈ ಊರಿನ ಪುರಸಭೆ ಕಟ್ಟಡದಲ್ಲಿ ಬ್ರೆಜಿಲ್ ದೇಶದ ಬಾವುಟ ಹಾರಾಡಿತು. ಹಾರಿಸಿದವರು ಊರಿನ ಮೇಯರೇ, ಅದೂ ಪ್ರತಿಭಟನೆಗಾಗಿ. ಬ್ರೆಜಿಲ್‌ನಲ್ಲಿ ಹುಟ್ಟಿ ಬೆಳೆದು, ಈ ಕಣಿವೆಯನ್ನು ಕಣ್ಣಲ್ಲೂ ಕಾಣದ ಜನರ ಪೌರತ್ವದ ಅರ್ಜಿಗಳು ಎಷ್ಟು ಬರುತ್ತಿದ್ದವೆಂದರೆ, ಊರಿನವರ ಜನನ-ಮರಣದ ಕೆಲಸಕ್ಕೇ ಸಿಬ್ಬಂದಿಗೆ ಪುರಸೊತ್ತು ಸಿಗುತ್ತಿರಲಿಲ್ಲ.

ಅರ್ಜಿ ಹಾಕಿದವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮುತ್ತಜ್ಜಂದಿರು ನಿಜವಾಗಿಯೂ ಈ ಕಣಿವೆಯವರೇ. ಅಂದಿನ ಇಟಲಿಯ ಕಾನೂನು ಅವರನ್ನು ಹುಟ್ಟಿನಿಂದಲೇ ಇಟಾಲಿಯನ್ನರೆಂದು ಕರೆಯುತ್ತಿತ್ತು.

ಇದರ ಮೂಲ ಹುಡುಕಿದರೆ ಹಸಿವಿಗೆ ಬಂದು ಮುಟ್ಟುತ್ತೇವೆ. 1861ರ ಮಾರ್ಚ್ 17ರಂದು ಇಟಲಿ ಒಂದು ರಾಜ್ಯವಾಗಿ ಘೋಷಣೆಯಾಯಿತು. ಈ ಕಣಿವೆಯಿರುವ ವೆನೆತೊ ಪ್ರಾಂತ ಅದಕ್ಕೆ ಸೇರಿದ್ದು 1866ರಲ್ಲಿ. ಬಾವುಟ ಬದಲಾದರೂ ಬಡವನ ಊಟ ಬದಲಾಗಲಿಲ್ಲ. ವೆನೆತೊ ಪ್ರಾಂತದ ರೈತನ ಮನೆಯಲ್ಲಿ ಮೂರು ಹೊತ್ತೂ ಮೆಕ್ಕೆಜೋಳದ ಅಂಬಲಿ. ಅದೊಂದನ್ನೇ ತಿಂದು ಚರ್ಮ ಸುಲಿಯುವ, ಕೊನೆಗೆ ಬುದ್ಧಿಭ್ರಮಣೆಗೆ ತಳ್ಳುವ ಪೆಲಾಗ್ರ ರೋಗ ಊರೂರಲ್ಲಿ ಹರಡಿತ್ತು. ಅತ್ತ ಬ್ರೆಜಿಲ್ 1888ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತು. ಕಾಫಿ ತೋಟಗಳಿಗೆ ಆಳು ಬೇಕಾಯಿತು. ಹಡಗಿನ ಖರ್ಚು ಕೊಟ್ಟು ಕರೆಸಿಕೊಳ್ಳುವವರು ಸಿಕ್ಕಾಗ ಹಳ್ಳಿಗೆ ಹಳ್ಳಿಯೇ ಗಂಟು ಕಟ್ಟಿತು. 1876ರಿಂದ 1915ರವರೆಗೆ ಸುಮಾರು 1 ಕೋಟಿ 40 ಲಕ್ಷ ಜನ ಇಟಲಿ ಬಿಟ್ಟರು. 1913ರ ಒಂದೇ ವರ್ಷದಲ್ಲಿ ಹೊರಟವರು ಎಂಟೂವರೆ ಲಕ್ಷಕ್ಕೂ ಹೆಚ್ಚು. ಬ್ರೆಜಿಲ್‌ನ ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್ ರಾಜ್ಯದಲ್ಲಿ ಇಂದಿಗೂ ವೆನೆತೊ ಆಡುಮಾತಿನಿಂದ ಬೆಳೆದ ತಾಲಿಯಾನ್ ಎಂಬ ಭಾಷೆಯನ್ನು ಅಜ್ಜ-ಅಜ್ಜಿಯರು ಆಡುತ್ತಾರೆ.

ಹೀಗೆ ಹೋದವರ ನಂಟು ಕಡಿಯಬಾರದೆಂಬುದು ಅಂದಿನ ಇಟಲಿಯ ಇಚ್ಛೆ. 1912ರ ಪೌರತ್ವ ಕಾನೂನು, ತಂದೆ ಇಟಾಲಿಯನ್ ಆಗಿದ್ದರೆ ಮಗು ಎಲ್ಲೇ ಹುಟ್ಟಲಿ ಅದೂ ಇಟಾಲಿಯನ್ ಎಂದಿತು. ಆ ಮಗುವಿನ ಮಗು, ಅದರ ಮಗು ಹೀಗೆ ಎಷ್ಟು ತಲೆಮಾರು ಬೇಕಾದರೂ. ನಂತರ ಬಂದ 1992ರ ಕಾನೂನೂ ಮಿತಿ ಹಾಕಲಿಲ್ಲ. ಬದಲಿಗೆ ಎರಡು ದೇಶಗಳ ಪೌರತ್ವ ಒಟ್ಟಿಗೆ ಇಟ್ಟುಕೊಳ್ಳಲು ದಾರಿ ತೆರೆಯಿತು. ಇಲ್ಲಿ ಸರ್ಕಾರ ಹೊಸದಾಗಿ ಏನನ್ನೂ ದಯಪಾಲಿಸುತ್ತಿರಲಿಲ್ಲ. ಸಾಂವ್ ಪಾವ್ಲೊ ನಗರದ ಹುಡುಗಿಯೊಬ್ಬಳು ಅರ್ಜಿ ಹಾಕಿದರೆ, ಆಕೆ ಹುಟ್ಟಿದ ಕ್ಷಣದಿಂದಲೇ ಇಟಾಲಿಯನ್ ಎಂಬುದನ್ನು ಅಧಿಕಾರಿ ಒಪ್ಪಿ ಬರೆದುಕೊಳ್ಳುತ್ತಿದ್ದ, ಅಷ್ಟೇ. ಭಾಷೆ ಬರುತ್ತದೆಯೇ, ಊರು ನೋಡಿದ್ದೀಯೇ ಎಂದು ಯಾರೂ ಕೇಳುವಂತಿರಲಿಲ್ಲ.

ಕೇಳುತ್ತಿದ್ದ ಪ್ರಶ್ನೆ ಒಂದೇ: ಎಳೆ ಎಲ್ಲಾದರೂ ಕಡಿದಿದೆಯೇ? ವಲಸೆ ಹೋದ ಅಜ್ಜ ಯಾವಾಗ ಅಮೆರಿಕದ ಅಥವಾ ಅರ್ಜೆಂಟೀನಾದ ಪ್ರಜೆಯಾದ? ಮಗ ಹುಟ್ಟುವ ಮೊದಲೇ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಕೊಡಲು ಅವನ ಬಳಿ ಪೌರತ್ವವೇ ಇರಲಿಲ್ಲ. ಮಗ ಹುಟ್ಟಿದ ಮೇಲೆ ಆಗಿದ್ದರೆ, ಅಥವಾ ಕೊನೆಯವರೆಗೂ ಆಗದೇ ಸತ್ತಿದ್ದರೆ, ಎಳೆ ಗಟ್ಟಿ. ಒಬ್ಬ ಮನುಷ್ಯ ನೂರು ವರ್ಷದ ಹಿಂದೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಪ್ರಮಾಣವಚನ ತೆಗೆದುಕೊಂಡ ದಿನಾಂಕವೊಂದು ಅವನ ಮರಿಮಕ್ಕಳೆಲ್ಲರ ಹಣೆಬರಹ ಬರೆಯುತ್ತಿತ್ತು.

ಹೆಣ್ಣಿನ ವಿಷಯಕ್ಕೆ ಬಂದರೆ ಈ ಕಾನೂನಿನ ಅತ್ಯಂತ ನೋವಿನ ಭಾಗ ಎದುರಾಗುತ್ತದೆ. 1948ರ ಜನವರಿ 1ರಂದು ಇಟಲಿಯ ಗಣರಾಜ್ಯದ ಸಂವಿಧಾನ ಜಾರಿಗೆ ಬರುವವರೆಗೆ ತಾಯಿಗೆ ತನ್ನ ಪೌರತ್ವವನ್ನು ಮಗುವಿಗೆ ದಾಟಿಸುವ ಹಕ್ಕೇ ಇರಲಿಲ್ಲವೆನ್ನಬಹುದು. ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ವೆನೆತೊದ ಬೆಲ್ಲೂನೊ ಜಿಲ್ಲೆಯಲ್ಲಿ 1870ರಲ್ಲಿ ಹುಟ್ಟಿದವನೊಬ್ಬ 1891ರಲ್ಲಿ ಬ್ರೆಜಿಲ್ ಸೇರಿದ. ಸಾಯುವವರೆಗೂ ಅಲ್ಲಿನ ಪ್ರಜೆಯಾಗಲಿಲ್ಲ. 1895ರಲ್ಲಿ ಅವನಿಗೆ ಅಲ್ಲೇ ಮಗ ಹುಟ್ಟಿದ, ಆ ಮಗನಿಗೆ 1922ರಲ್ಲಿ ಮಗಳು. ಅವಳಿಗೆ ಇಬ್ಬರು ಮಕ್ಕಳು: 1946ರಲ್ಲಿ ಗಂಡು, 1950ರಲ್ಲಿ ಹೆಣ್ಣು. ಒಂದೇ ತಾಯಿಯ ಮಕ್ಕಳು, ಒಂದೇ ಮನೆ. ಆದರೆ ಹಳೆಯ ನಿಯಮದಂತೆ ತಂಗಿ ಇಟಲಿಯ ದೂತಾವಾಸಕ್ಕೆ ಹೋದರೆ ಇಟಾಲಿಯನ್, ಅಣ್ಣ ಹೋದರೆ ಅಲ್ಲ. ಅಣ್ಣ ಹುಟ್ಟಿದಾಗ ಅವರ ತಾಯಿಯನ್ನು ಕಾನೂನು ಪೂರ್ತಿ ಮನುಷ್ಯಳೆಂದು ಎಣಿಸಿರಲಿಲ್ಲ.

ಇಟಲಿಯ ಸಾಂವಿಧಾನಿಕ ನ್ಯಾಯಾಲಯ 1975ರಲ್ಲೂ 1983ರಲ್ಲೂ ಈ ತಾರತಮ್ಯವನ್ನು ತಳ್ಳಿಹಾಕಿತು. 1948ಕ್ಕೆ ಮೊದಲು ಹುಟ್ಟಿದವರಿಗೂ ತಾಯಿಯ ಕಡೆಯ ಹಕ್ಕು ಸಲ್ಲುತ್ತದೆಂಬ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ಕೊಟ್ಟದ್ದು 2009ರಲ್ಲಿ. ಆದರೂ ದೂತಾವಾಸಗಳು ಹಳೆಯ ಗೆರೆಯನ್ನು ದಾಟಲಿಲ್ಲ. ತಂಗಿ ಅರ್ಜಿ ಹಾಕಿದರೆ ಸಾಕಿತ್ತು. ಅಣ್ಣ ವಕೀಲರನ್ನು ಹಿಡಿದು ಇಟಲಿಯಲ್ಲಿ ಸರ್ಕಾರದ ವಿರುದ್ಧ ದಾವೆ ಹೂಡಬೇಕಿತ್ತು.

ಹಕ್ಕು ರಕ್ತದ್ದಾದರೂ ಸಾಕ್ಷಿ ಹೇಳಬೇಕಾದದ್ದು ಕಾಗದ. ಎಲ್ಲಕ್ಕೂ ಬುಡ, ವಲಸೆ ಹೋದ ಪೂರ್ವಜನ ಜನನ ದಾಖಲೆ. ಅವನು ಹುಟ್ಟಿದ ಊರು ಗೊತ್ತಿಲ್ಲದಿದ್ದರೆ ಮುಂದಿನ ಹೆಜ್ಜೆ ಇಡುವಂತೆಯೇ ಇಲ್ಲ. ‘ವೆನೆತೊ ಕಡೆಯವನಂತೆ’ ಎಂಬ ಮನೆಮಾತು ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ಅದೃಷ್ಟವಿದ್ದು ಊರು ತಿಳಿದರೆ, ಪುರಸಭೆಯ ಕಪಾಟಿನಲ್ಲಿ ಆ ವರ್ಷದ ದಪ್ಪ ಪುಸ್ತಕ ಸಿಗುತ್ತದೆ. ಪುಟದ ಒಕ್ಕಣೆ ಅಚ್ಚಾಗಿದೆ. ಖಾಲಿ ಬಿಟ್ಟ ಜಾಗಗಳನ್ನು ಗುಮಾಸ್ತ ಮಸಿಯಲ್ಲಿ ತುಂಬಿದ್ದಾನೆ. ಇಸವಿ, ತಾರೀಖು, ಗಂಟೆ ಎಲ್ಲವೂ ಅಕ್ಷರಗಳಲ್ಲಿ. ಮೇಯರ್ ಎದುರು ಇಂಥ ವಯಸ್ಸಿನ ರೈತ ಬಂದು, ಇಂಥ ಬೀದಿಯ ಇಂಥ ನಂಬರಿನ ಮನೆಯಲ್ಲಿ ತನ್ನ ಹೆಂಡತಿಗೆ ಗಂಡುಮಗು ಹುಟ್ಟಿತೆಂದು ತಿಳಿಸಿ, ಮಗುವನ್ನೂ ತೋರಿಸಿ, ಹೆಸರು ಹೇಳಿದನೆಂದು ಬರೆದಿದೆ. ಕೆಳಗೆ ಇಬ್ಬರು ಸಾಕ್ಷಿಗಳು. ಎಷ್ಟೋ ಪುಟಗಳಲ್ಲಿ ತಂದೆಯ ರುಜು ಇಲ್ಲ; ಅವನಿಗೆ ಬರೆಯಲು ಬಾರದು ಎಂಬ ಷರಾ ಇದೆ. ಅಂಚಿನಲ್ಲಿ ಬೇರೆ ಕೈಬರಹದಲ್ಲಿ, ಇಪ್ಪತ್ತೈದು ವರ್ಷದ ನಂತರ ಅದೇ ಮಗುವಿನ ಮದುವೆ ಎಲ್ಲಿ ಯಾರೊಡನೆ ಆಯಿತೆಂಬ ಟಿಪ್ಪಣಿ. ಓದು ಬರಹ ತಿಳಿಯದ ಒಬ್ಬ ರೈತ ಎಳೆ ಮಗುವನ್ನೆತ್ತಿಕೊಂಡು ಪುರಸಭೆಗೆ ನಡೆದು ಬಂದದ್ದರಿಂದಲೇ ನೂರೈವತ್ತು ವರ್ಷದ ಮೇಲೆ ಅವನ ವಂಶದವರಿಗೆ ಹಕ್ಕು ಕೇಳಲು ಒಂದು ಆಧಾರ ಉಳಿದಿದೆ.

ವೆನೆತೊದ ಎಷ್ಟೋ ಕಡೆ 1871ರ ಸುಮಾರಿಗೆ ಮೊದಲಿನದಕ್ಕೆ ಇಂಥ ಪುಸ್ತಕವೂ ಇಲ್ಲ. ಚರ್ಚಿನ ದೀಕ್ಷಾಸ್ನಾನದ ದಾಖಲೆಯೇ ಗತಿ. ಇಟಲಿಯ ರಾಜ್ಯ ಪತ್ರಾಗಾರಗಳು ಹಳೆಯ ಪುಟಗಳನ್ನು ‘ಆಂತೆನಾತಿ’ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವುದು ದೊಡ್ಡ ಉಪಕಾರ. ಆದರೂ ಅಲ್ಲಿಂದ ಅರ್ಜಿದಾರನವರೆಗೆ ಪ್ರತಿ ತಲೆಮಾರಿನ ಜನನ, ಮದುವೆ, ಮರಣದ ಪತ್ರಗಳು ಬೇಕು. ಜೊತೆಗೆ ಪೂರ್ವಜ ಬೇರೆ ದೇಶದ ಪ್ರಜೆಯಾಗಲಿಲ್ಲವೆಂಬ ಪತ್ರ, ಹೊರದೇಶದ ಪ್ರತಿ ಪತ್ರಕ್ಕೂ ಅದು ಅಸಲಿಯೆಂದು ದೃಢಪಡಿಸುವ ಅಪೊಸ್ಟೈಲ್ ಮುದ್ರೆ, ಇಟಾಲಿಯನ್ ಅನುವಾದ. ಜೊವಾನ್ನಿ ಎಂಬವನು ಬ್ರೆಜಿಲ್‌ನಲ್ಲಿ ಜೊವಾಂವ್ ಆಗಿರುತ್ತಾನೆ, ಜುಸೆಪ್ಪೆ ಅಮೆರಿಕದಲ್ಲಿ ಜೋಸೆಫ್. ಮನೆತನದ ಹೆಸರಲ್ಲಿ ಒಂದು ಅಕ್ಷರ ಇಮ್ಮಡಿಯಾಗಿಯೋ ಬಿಟ್ಟುಹೋಗಿಯೋ ಇರುತ್ತದೆ. ಇಬ್ಬರೂ ಒಬ್ಬನೇ ಎಂದು ಸಾಬೀತು ಮಾಡಲು ಮತ್ತೆ ಕೋರ್ಟು.

ಇಷ್ಟೆಲ್ಲ ಜೋಡಿಸಿಕೊಂಡ ಮೇಲೆ ಕಾಯುವಿಕೆ. ಅರ್ಜಿಯನ್ನು 730 ದಿನಗಳಲ್ಲಿ ತೀರ್ಮಾನಿಸಬೇಕೆಂದು ನಿಯಮ ಹೇಳುತ್ತಿದ್ದರೂ, ಸಾಂವ್ ಪಾವ್ಲೊದಂಥ ದೂತಾವಾಸಗಳಲ್ಲಿ ಅರ್ಜಿ ಕೊಡುವ ಸರದಿಗೇ ಹತ್ತು ವರ್ಷ ದಾಟಿದವರಿದ್ದರು. ಸರದಿ ಸಿಗದವರು ಕೋರ್ಟಿನ ದಾರಿ ಹಿಡಿದರು. 2022ರಿಂದ ಈ ದಾವೆಗಳನ್ನು ರೋಮ್ ಬದಲು ಪೂರ್ವಜನ ಊರಿನ ವ್ಯಾಪ್ತಿಯ ನ್ಯಾಯಾಲಯಕ್ಕೆ ಹಾಕಬೇಕೆಂದಾಗ, ವೆನಿಸ್ ನ್ಯಾಯಾಲಯದ ಮೇಲೆ ಕಡತಗಳ ರಾಶಿ ಬಿತ್ತು. 2025ರಿಂದ ದೂತಾವಾಸದ ಶುಲ್ಕ 300 ಯೂರೊದಿಂದ 600ಕ್ಕೆ ಏರಿತು. ದಾವೆಯಲ್ಲೂ ತಲಾ 600 ಯೂರೊ.

ಈ ಹಕ್ಕಿಗೆ ರಾಜಕೀಯ ತೂಕವೂ ಇದೆ. ಹೊರದೇಶದ ಇಟಾಲಿಯನ್ನರು ಅಂಚೆ ಮೂಲಕ ಮತ ಹಾಕಿ ತಮ್ಮದೇ ಪ್ರತಿನಿಧಿಗಳನ್ನು ರೋಮ್‌ಗೆ ಕಳಿಸುತ್ತಾರೆ. 2006ರ ಚುನಾವಣೆಯಲ್ಲಿ ರೊಮಾನೊ ಪ್ರೋದಿ ಸರ್ಕಾರಕ್ಕೆ ಸೆನೆಟ್‌ನಲ್ಲಿ ಬಹುಮತ ಬಂದದ್ದೇ ಹೊರದೇಶದ ಕ್ಷೇತ್ರಗಳಿಂದ. ಅರ್ಜೆಂಟೀನಾದಲ್ಲಿ ನೆಲೆಸಿದ್ದ ಲುಯಿಜಿ ಪಲ್ಲಾರೊ ಎಂಬ ಪಕ್ಷೇತರ ಸೆನೆಟರ್‌ನ ಒಂದು ಮತಕ್ಕಾಗಿ ಇಡೀ ಸರ್ಕಾರ ಕಾಯುವ ಸ್ಥಿತಿ ಬಂದಿತ್ತು.

2024ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾದ ಅಧ್ಯಕ್ಷ ಹಾವಿಯೆರ್ ಮಿಲೇ ಅವರಿಗೆ ಇಟಲಿಯ ಪೌರತ್ವ ಸಿಕ್ಕಿತು. ಇಟಲಿಯಲ್ಲಿ ಇದು ಸಿಟ್ಟು ಎಬ್ಬಿಸಿತು. ಅದಕ್ಕೆ ಕಾರಣವಿತ್ತು. ಇಟಲಿಯಲ್ಲೇ ಹುಟ್ಟಿ, ಅಲ್ಲೇ ಶಾಲೆಗೆ ಹೋಗಿ, ಇಟಾಲಿಯನ್ ಬಿಟ್ಟು ಬೇರೆ ಭಾಷೆ ಸರಿಯಾಗಿ ಬಾರದ ವಲಸಿಗರ ಮಕ್ಕಳು, ತಂದೆ-ತಾಯಿಗೆ ಪೌರತ್ವ ಸಿಗದಿದ್ದರೆ, 18 ತುಂಬುವವರೆಗೆ ವಿದೇಶಿಯರೇ. ಪೋ ನದಿಯ ಬಯಲಿನ ಹೈನುಗಾರಿಕೆಯಲ್ಲಿ ದುಡಿಯುವ ನಮ್ಮ ಪಂಜಾಬಿನವರ ಮಕ್ಕಳೂ ಅವರಲ್ಲಿದ್ದಾರೆ. ದೊಡ್ಡವರು ಅರ್ಜಿ ಹಾಕಲು ಹತ್ತು ವರ್ಷ ವಾಸವಿರಬೇಕು. ಅದನ್ನು ಐದಕ್ಕೆ ಇಳಿಸಬೇಕೆಂದು 2025ರ ಜೂನ್‌ನಲ್ಲಿ ಜನಮತಗಣನೆ ನಡೆದಾಗ ಸುಮಾರು ಶೇ. 30ರಷ್ಟು ಮಂದಿ ಮಾತ್ರ ಮತಗಟ್ಟೆಗೆ ಬಂದರು. ಅರ್ಧಕ್ಕಿಂತ ಹೆಚ್ಚು ಮಂದಿ ಬರಬೇಕೆಂಬ ನಿಯಮದಿಂದಾಗಿ ಅದು ಬಿದ್ದುಹೋಯಿತು. ಕಣ್ಣೆದುರು ಬೆಳೆಯುವ ಮಗುವನ್ನು ಕಾಯಿಸುವ ದೇಶ, ಸಾಗರದಾಚೆಯ ಮರಿಮಗನಿಗೆ ಬಾಗಿಲು ತೆರೆದಿಟ್ಟದ್ದು ನ್ಯಾಯವೆನಿಸಲಾರದು. ಆದರೆ ಮರಿಮಗನ ಬಾಗಿಲು ಮುಚ್ಚಿದ ಮಾತ್ರಕ್ಕೆ ಆ ಮಗುವಿನ ಬಾಗಿಲು ತೆರೆಯುವುದಿಲ್ಲವಲ್ಲ.

ಮುಚ್ಚಿದ್ದು ರಾತ್ರೋರಾತ್ರಿ. 2025ರ ಮಾರ್ಚ್ 28ರಂದು ವಿದೇಶಾಂಗ ಸಚಿವ ಅಂತೋನಿಯೊ ತಯಾನಿ ಮುಂದಾಳತ್ವದಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮೇ ತಿಂಗಳಲ್ಲಿ ಸಂಸತ್ತು ಅದನ್ನು ಕಾನೂನು ಮಾಡಿತು. ಸರ್ಕಾರ ಕೊಟ್ಟ ಲೆಕ್ಕ ಹೀಗಿತ್ತು: 2014ರ ಕೊನೆಯಲ್ಲಿ ಹೊರದೇಶಗಳಲ್ಲಿದ್ದ ಇಟಾಲಿಯನ್ನರು ಸುಮಾರು 46 ಲಕ್ಷ, ಹತ್ತೇ ವರ್ಷದಲ್ಲಿ 64 ಲಕ್ಷ, ನ್ಯಾಯಾಲಯಗಳಲ್ಲಿ ಬಾಕಿಯಿರುವ ದಾವೆಗಳು 60 ಸಾವಿರಕ್ಕೂ ಹೆಚ್ಚು, ಜಗತ್ತಿನಲ್ಲಿ ಹೀಗೆ ಹಕ್ಕು ಕೇಳಬಹುದಾದವರು 6ರಿಂದ 8 ಕೋಟಿ. ಇಟಲಿಯ ಜನಸಂಖ್ಯೆಯೇ ಆರು ಕೋಟಿಗೆ ಸ್ವಲ್ಪ ಕಡಿಮೆ.

ಈಗಿನ ನಿಯಮದ ಪ್ರಕಾರ ಹೊರದೇಶದಲ್ಲಿ ಹುಟ್ಟಿ ಬೇರೆ ಪೌರತ್ವವೂ ಇರುವವನಿಗೆ, ತಂದೆ-ತಾಯಿ ಅಥವಾ ಅಜ್ಜ-ಅಜ್ಜಿಯರಲ್ಲಿ ಒಬ್ಬರಾದರೂ ಇಟಲಿಯದೊಂದೇ ಪೌರತ್ವ ಇಟ್ಟುಕೊಂಡಿರಬೇಕು, ತೀರಿಕೊಂಡಿದ್ದರೆ ಸಾಯುವಾಗ ಹಾಗಿದ್ದಿರಬೇಕು. ಇಲ್ಲವೇ ತಂದೆ ಅಥವಾ ತಾಯಿ ತಾವು ಇಟಾಲಿಯನ್ ಆದ ಮೇಲೆ, ಮಗು ಹುಟ್ಟುವ ಮೊದಲು, ಎರಡು ವರ್ಷ ಸತತವಾಗಿ ಇಟಲಿಯಲ್ಲಿ ಬಾಳಿರಬೇಕು. ಮುತ್ತಜ್ಜ ಲೆಕ್ಕಕ್ಕಿಲ್ಲ. ಮೇಲೆ ಹೇಳಿದ ಅಣ್ಣ-ತಂಗಿಯನ್ನೇ ತೆಗೆದುಕೊಳ್ಳಿ. ಅವರ ತಾಯಿಯೂ ಅಜ್ಜನೂ ಬ್ರೆಜಿಲ್‌ನಲ್ಲೇ ಹುಟ್ಟಿದ್ದರಿಂದ ಎರಡೂ ದೇಶದವರು. ಹಾಗಾಗಿ ಈಗ ಇಬ್ಬರೂ ಹೊರಗೆ. ಮಾರ್ಚ್ 27ರ ರಾತ್ರಿ 11 ಗಂಟೆ 59 ನಿಮಿಷದೊಳಗೆ, ರೋಮ್ ಸಮಯದಂತೆ, ಅರ್ಜಿಯೋ ದಾವೆಯೋ ಸಲ್ಲಿಸಿದ್ದವರಿಗೆ, ಇಲ್ಲವೇ ಅಷ್ಟರೊಳಗೆ ಸರದಿಯ ದಿನ ತಿಳಿಸಲಾಗಿದ್ದವರಿಗೆ ಮಾತ್ರ ಹಳೆಯ ನಿಯಮ. ವರ್ಷಗಟ್ಟಲೆ ಕಾಗದ ಕೂಡಿಸಿ, ಸರದಿ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅವಕಾಶ ಕಳೆದುಕೊಂಡವರ ಸಂಕಟ ದೊಡ್ಡದು. ಮಿತಿ ಹಾಕುವ ಅಧಿಕಾರ ಸಂಸತ್ತಿಗಿದೆ ಎಂಬುದನ್ನು ಒಪ್ಪಿದರೂ, ಎಚ್ಚರಿಕೆಯ ಒಂದು ಅವಧಿಯನ್ನೂ ಕೊಡದೆ, ಹುಟ್ಟಿನಿಂದಲೇ ಇದೆಯೆಂದು ತಾನೇ ಹೇಳುತ್ತಿದ್ದ ಹಕ್ಕನ್ನು ಎಂದೂ ಇರಲೇ ಇಲ್ಲವೆನ್ನುವುದು ಕ್ರೂರ.

ಕನ್ನಡದ ಓದುಗರಿಗೆ ಈ ಚರ್ಚೆ ಪೂರ್ತಿ ದೂರದ್ದಲ್ಲ. ಕಾರವಾರದಾಚೆಯ ಗೋವಾದಲ್ಲಿ 1961ರ ಡಿಸೆಂಬರ್‌ಗೆ ಮೊದಲು ಪೋರ್ಚುಗೀಸ್ ಆಳ್ವಿಕೆಯಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗಲ್ ಪೌರತ್ವ ಪಡೆದು ಯೂರೋಪಿಗೆ ಹೋಗುತ್ತಿರುವುದು ಎಲ್ಲರಿಗೂ ಗೊತ್ತು. ಪಡೆದವರು ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ನಮ್ಮಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ. ಅಮೆರಿಕದ ಪ್ರಜೆಯಾದ ಕನ್ನಡಿಗರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸಾಗರೋತ್ತರ ಭಾರತೀಯ ನಾಗರಿಕರ ಒಸಿಐ ಕಾರ್ಡ್ ಪಡೆಯಬಹುದು. ಬಂದು ಹೋಗಬಹುದು, ಇರಬಹುದು. ಮತದಾನವಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಸಾಗರದಾಚೆಯ ಪೀಳಿಗೆಗೆ ನಂಟನ್ನು ಕೊಟ್ಟು ಮತವನ್ನು ಕೊಡದ ಈ ನಡುದಾರಿಯನ್ನು ಇಟಲಿ ಹಿಂದೆಯೇ ಹಿಡಿದಿದ್ದರೆ ಇಷ್ಟು ಜನರಿಗೆ ಮುಖಭಂಗವಾಗುತ್ತಿರಲಿಲ್ಲವೇನೋ.

ಹೊರಗುಳಿದವರಿಗೆ ಹೊಸ ಕಾನೂನಿನಲ್ಲಿ ಒಂದು ಕಿಟಕಿ ಉಳಿದಿದೆ. ತಂದೆ-ತಾಯಿ ಅಥವಾ ಅಜ್ಜ-ಅಜ್ಜಿ ಹುಟ್ಟಿನಿಂದ ಇಟಾಲಿಯನ್ ಆಗಿದ್ದರೆ, ಅಂಥವರು ಇಟಲಿಗೆ ಬಂದು ಕಾನೂನುಬದ್ಧವಾಗಿ ಎರಡು ವರ್ಷ ನೆಲೆಸಿದ ಮೇಲೆ ಪೌರತ್ವ ಕೇಳಬಹುದು. ಹಿಂದೆ ಇದಕ್ಕೆ ಮೂರು ವರ್ಷ ಬೇಕಿತ್ತು. ಇಟಲಿಯಿಂದ ದೊಡ್ಡ ಪ್ರಮಾಣದಲ್ಲಿ ವಲಸೆ ಹೋಗಿದ್ದ ದೇಶಗಳಲ್ಲಿರುವ ವಂಶಜರು ಕೆಲಸಕ್ಕಾಗಿ ಬರುವಾಗ ಅವರನ್ನು ವಿದೇಶಿ ಕಾರ್ಮಿಕರ ವಾರ್ಷಿಕ ಮಿತಿಯಿಂದ ಹೊರಗಿಡುವುದಕ್ಕೂ ಕಾನೂನು ಅವಕಾಶ ಕೊಟ್ಟಿದೆ. 2024ರಲ್ಲಿ ಸುಮಾರು 3 ಲಕ್ಷ 70 ಸಾವಿರ ಮಕ್ಕಳಷ್ಟೇ ಹುಟ್ಟಿದ, ಬೆಟ್ಟದ ಹಳ್ಳಿಗಳು ಒಂದೊಂದಾಗಿ ಖಾಲಿಯಾಗುತ್ತಿರುವ ದೇಶಕ್ಕೆ ಬಂದು ಬಾಳುವವರು ಬೇಕಾಗಿದ್ದಾರೆ. ವಾಲ್ ದಿ ಜೋಲ್ದೊದಂಥ ಊರಿನಲ್ಲಿ ಎರಡು ವರ್ಷ ದುಡಿಮೆ ಹುಡುಕಿಕೊಂಡು, ಮನೆ ಮಾಡಿಕೊಂಡು ಇರಲು ಬ್ರೆಜಿಲ್‌ನ ಎಷ್ಟು ಮೊಮ್ಮಕ್ಕಳು ಹೊರಟು ಬರುತ್ತಾರೆಂಬುದನ್ನು ಮುಂದಿನ ಕೆಲವು ವರ್ಷಗಳ ಪುರಸಭೆ ದಾಖಲೆಗಳೇ ತೋರಿಸಲಿವೆ.