ಮುಂಬಯಿ ಗಲಭೆ ಮತ್ತು ನಮ್ಮ ಹೊಟೇಲು ವ್ಯಾಪಾರ



ನಮ್ಮ ಸಭೆಗಳಲ್ಲಿ ಗ್ಯಾಸಿನ ದರ, ಲೈಸನ್ಸು, ಜಿಎಸ್‌ಟಿ, ಕೆಲಸದವರ ಕೊರತೆ ಇವೇ ಮಾತು. ಕೋಮುಗಲಭೆಯ ವಿಷಯವನ್ನು ಯಾರೂ ಎತ್ತುವುದಿಲ್ಲ. ಅದು ರಾಜಕೀಯದವರ ಸಂಗತಿ, ನಮಗೇಕೆ ಎಂದು ಸುಮ್ಮನಿರುತ್ತೇವೆ. ಆದರೆ 1992-93ರಲ್ಲಿ ಮುಂಬಯಿಯಲ್ಲಿ ಹೊಟೇಲು ನಡೆಸಿದ ಹಿರಿಯರಿಗೆ ಅದು ನಮ್ಮದೇ ಸಂಗತಿ ಎಂದು ಗೊತ್ತು. ಈಗ ಗಲ್ಲಾದಲ್ಲಿ ಕೂರುವ ತರುಣ ಮಾಲೀಕರಲ್ಲಿ ಅನೇಕರು ಆಗ ಹುಟ್ಟಿರಲಿಲ್ಲ. ಅವರಿಗಾಗಿ ಈ ನಾಲ್ಕು ಮಾತು.

ಏನು ನಡೆಯಿತು

1992 ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿಯನ್ನು ಕೆಡವಿದರು. ಅದೇ ದಿನ ಮುಂಬಯಿಯಲ್ಲಿ ಗಲಭೆ ಸುರುವಾಯಿತು. ಡಿಸೆಂಬರಿನಲ್ಲಿ ಒಂದು ಸುತ್ತು, 1993 ಜನವರಿಯಲ್ಲಿ ಇನ್ನೊಂದು ಸುತ್ತು. ಜಸ್ಟಿಸ್ ಬಿ. ಎನ್. ಶ್ರೀಕೃಷ್ಣ ಆಯೋಗವು 1998ರಲ್ಲಿ ವರದಿ ಕೊಟ್ಟಿತು. ಅದರ ಲೆಕ್ಕದಲ್ಲಿ ಸತ್ತವರು 900 ಮಂದಿ. ಅವರಲ್ಲಿ 575 ಮಂದಿ ಮುಸ್ಲಿಮರು, 275 ಮಂದಿ ಹಿಂದೂಗಳು. ಉಳಿದವರಲ್ಲಿ 45 ಮಂದಿಯ ಗುರುತೇ ಸಿಗಲಿಲ್ಲ. ಗಲಭೆ ತಣ್ಣಗಾಯಿತು ಎನ್ನುವಾಗ ಮಾರ್ಚ್ 12ರಂದು ಬಾಂಬು ಸ್ಫೋಟಗಳಾಗಿ 257 ಮಂದಿ ತೀರಿಕೊಂಡರು. ಯಾರು ಹೊಣೆ, ಪೊಲೀಸರು ಎಲ್ಲಿ ತಪ್ಪಿದರು ಎಂಬುದನ್ನು ಆಯೋಗ ಹೆಸರು ಹಿಡಿದೇ ಬರೆದಿದೆ. ಓದಬೇಕೆನ್ನುವವರು ವರದಿಯನ್ನು ಓದಬಹುದು. ನಾನು ಹೇಳುವುದು ನಮ್ಮ ಕಸುಬಿನ ಮಟ್ಟಿಗೆ.

ಶಟರ್ ಎಳೆದ ದಿನಗಳು

ಆಗ ನನಗೆ 23 ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ ಊರಿಂದ ಬಂದು ಧಾರಾವಿ ಕಡೆ ಮಾವನ ಹೊಟೇಲಿನಲ್ಲಿದ್ದೆ. ಬೆಳಿಗ್ಗೆ 5 ಗಂಟೆಗೆ ಶಟರ್ ತೆಗೆಯುತ್ತಿದ್ದೆವು. ಇಡ್ಲಿ, ಉಪ್ಪಿಟ್ಟು, ಉಸಳ್ ಪಾವ್, ಚಹಾ. ಗಿರಾಕಿಗಳೆಂದರೆ ಚರ್ಮದ ಕೆಲಸದವರು, ಹೊಲಿಗೆಯವರು, ಮುನಿಸಿಪಾಲಿಟಿಯ ಕಾಮಗಾರರು. ಹಿಂದೂ, ಮುಸ್ಲಿಂ, ತಮಿಳರು, ಬಿಹಾರಿಗಳು ಎಲ್ಲರೂ ಒಂದೇ ಟೇಬಲಿನಲ್ಲಿ.

ಕರ್ಫ್ಯೂ ಬಿದ್ದಾಗ ಎರಡು ಸುತ್ತೂ ಸೇರಿ 17 ದಿನ ಹೊಟೇಲು ಮುಚ್ಚಿತ್ತು. ರುಬ್ಬಿಟ್ಟ ಹಿಟ್ಟು ಹುಳಿ ಬಂದು ಚೆಲ್ಲಿದೆವು. ಹಾಲು ಬರಲಿಲ್ಲ, ತರಕಾರಿ ಬರಲಿಲ್ಲ. ಒಳಗೆ 14 ಮಂದಿ ಕೆಲಸದ ಹುಡುಗರು, ಹೆಚ್ಚಿನವರು ಕುಂದಾಪುರ ಕಡೆಯವರು. ಅವರಿಗೆ ಮಲಗಲು ಹೊಟೇಲಿನ ಟೇಬಲೇ ಮನೆ. ಇದ್ದ ಅಕ್ಕಿ ಬೇಳೆಯಲ್ಲಿ ದಿನಕ್ಕೆ ಎರಡು ಹೊತ್ತು ಗಂಜಿ, ಸಾರು. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿಯಾದದ್ದು 1998ರಲ್ಲಿ. ದಾರಿ ತೆರೆದ ಕೂಡಲೇ ಎಂಟು ಹುಡುಗರು ಬಸ್ಸು ಹಿಡಿದು ಊರಿಗೆ ಹೋದರು. ಅವರಲ್ಲಿ ತಿರುಗಿ ಬಂದವರು ಮೂವರೇ.

ಗಾಜು ಒಡೆದದ್ದು, ಫರ್ನಿಚರ್ ಸುಟ್ಟದ್ದು ಬೇರೆ ಹೊಟೇಲುಗಳಲ್ಲಿ ಆಯಿತು. ನಮ್ಮಲ್ಲಿ ಒಂದು ಲೋಟವೂ ಒಡೆಯಲಿಲ್ಲ. ಆದರೂ ಹಳೆಯ ವ್ಯಾಪಾರ ತಿರುಗಿ ಬರಲು ಎರಡು ವರ್ಷ ಹಿಡಿಯಿತು. ಕಾರಣ ಮುಂದೆ ಹೇಳುತ್ತೇನೆ.

ಪಾವ್ ಬರುವುದು ನಿಂತಾಗ

ಮುಂಬಯಿಯ ಬೇಕರಿಗಳಲ್ಲಿ ಬಹಳಷ್ಟನ್ನು ನಡೆಸುವವರು ಮುಸ್ಲಿಮರು, ಭಟ್ಟಿಯ ಮುಂದೆ ದುಡಿಯುವವರು ಉತ್ತರ ಪ್ರದೇಶದವರು. ಆ ಜನವರಿ 9ರಂದು ಮೊಹಮ್ಮದ್ ಅಲಿ ರಸ್ತೆಯ ಸುಲೇಮಾನ್ ಉಸ್ಮಾನ್ ಬೇಕರಿಯೊಳಗೆ ಪೊಲೀಸರ ಗೋಲಿಬಾರಿನಲ್ಲಿ ಕೆಲಸದವರೂ ಸತ್ತರು. ಆ ಸುದ್ದಿ ಹಬ್ಬಿದ ಮೇಲೆ ಬೇಕರಿ ಕೆಲಸದವರು ಹೆದರಿದ್ದು ಸಹಜ. ನಮಗೆ ಸೈಕಲ್ಲಿನಲ್ಲಿ ಪಾವ್ ತರುತ್ತಿದ್ದ ಚಾಚಾ ಹೆಂಡತಿ ಮಕ್ಕಳೊಂದಿಗೆ ಹಳ್ಳಿಗೆ ಹೋಗಿಬಿಟ್ಟರು. ಅವರ ಎರಡು ವಾರದ ಹಿಸಾಬು ನಮ್ಮಲ್ಲೇ ಬಾಕಿ ಇತ್ತು. ಮಾವ ಆ ಹಣವನ್ನು ಕಾಗದದಲ್ಲಿ ಸುತ್ತಿ ದೇವರ ಪಟದ ಹಿಂದೆ ಇಟ್ಟರು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲೂ ಅದನ್ನು ಮುಟ್ಟಲಿಲ್ಲ.

ಏಪ್ರಿಲಿನಲ್ಲಿ ಚಾಚಾ ಬಂದರು. ಬೇಕರಿಯ ಭಟ್ಟಿಯನ್ನೇ ಒಡೆದು ಹಾಕಿದ್ದರಂತೆ. ಮಾವ ಕಟ್ಟು ತೆಗೆದು ಕೊಟ್ಟಾಗ ಅವರು ಎಣಿಸದೆ ಕಿಸೆಗೆ ಹಾಕಿಕೊಂಡರು. ಇನ್ನು ಮುಂಬ್ರಾದಲ್ಲಿ ಇರುತ್ತೇನೆ ಎಂದು ಹೇಳಿ ಹೋದರು. ಬಳಿಕ ಅವರು ನಮ್ಮ ಕಡೆ ಬರಲಿಲ್ಲ.

ಹೋದದ್ದು ಅವರೊಬ್ಬರೇ ಅಲ್ಲ. ಗಲಭೆಯ ನಂತರ ಮುಸ್ಲಿಮರು ಮುಂಬ್ರಾ, ಮೀರಾ ರೋಡ್ ಕಡೆ ತಮ್ಮವರ ಮಧ್ಯೆ ಮನೆ ಹುಡುಕಿದರು. ಹಿಂದೂಗಳೂ ಮುಸ್ಲಿಂ ಮೊಹಲ್ಲಾಗಳಿಂದ ಎದ್ದು ಹೋದರು. ನಮ್ಮ ಬೀದಿಯ ಹೊಲಿಗೆಯವರು ಖಾಲಿ ಮಾಡಿದರು. ಉಳಿದವರೂ ಸಂಜೆ 7ಕ್ಕೇ ಮನೆ ಸೇರುತ್ತಿದ್ದರು. ರಾತ್ರಿಯ ಚಹಾ ವ್ಯಾಪಾರ ಅರ್ಧಕ್ಕೆ ಇಳಿಯಿತು. ಈ ನಷ್ಟಕ್ಕೆ ಪಂಚನಾಮೆ ಇಲ್ಲ, ಪರಿಹಾರವೂ ಇಲ್ಲ.

ಆಗ ಬೀದಿಯ ಕೆಲವರು ಬಂದು, ಇನ್ನು ಅವರ ಬೇಕರಿಯ ಪಾವ್ ತರಿಸಬೇಡಿ ಎಂದರು. ಮಾವ ಅವರಿಗೆ ಚಹಾ ಕುಡಿಸಿ ಕಳಿಸಿದರು. ಮರುದಿನ ಇನ್ನೊಂದು ಮುಸ್ಲಿಂ ಬೇಕರಿಯಿಂದ ಪಾವ್ ಬಂತು. “ನಮಗೂ ಇದೇ ಆಗಿತ್ತಲ್ಲ ಮಾರಾಯ” ಎಂದು ನನಗೆ ಹೇಳಿದರು. ಶಿವಸೇನೆ ಹುಟ್ಟಿದ್ದು 1966ರಲ್ಲಿ. ಆ ಕಾಲದಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದು, ಉಡುಪಿ ಹೊಟೇಲುಗಳಿಗೆ ಕಲ್ಲು ಬಿದ್ದದ್ದನ್ನು ಮಾವ ಕಣ್ಣಾರೆ ಕಂಡವರು.

ಬೋರ್ಡಿನ ಮೇಲೆ ಹೆಸರು ಓದಿ ಗಿರಾಕಿ ಒಳಗೆ ಬರುವ ಕಾಲ ಬಂದರೆ ಯಾವ ಹೊಟೇಲಿಗೂ ಕ್ಷೇಮವಿಲ್ಲ. 2024ರಲ್ಲಿ ಉತ್ತರ ಪ್ರದೇಶದಲ್ಲಿ ಕಾವಡ ಯಾತ್ರೆಯ ದಾರಿಯ ತಿಂಡಿ ಅಂಗಡಿಗಳು ಮಾಲೀಕರ ಹೆಸರು ಹಾಕಬೇಕೆಂದು ಆದೇಶವಾಗಿತ್ತು. ಜುಲೈ 22ರಂದು ಸುಪ್ರೀಂ ಕೋರ್ಟು ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಇದು ನಮ್ಮ ಕಸುಬಿನ ಸುದ್ದಿ. ನಾವು ಗಮನ ಕೊಡಬೇಕು.

ಭಿವಂಡಿ ಉಳಿದ ಬಗೆ

ಭಿವಂಡಿಯಲ್ಲಿ 1970ರಲ್ಲಿ ಮತ್ತು 1984ರಲ್ಲಿ ದೊಡ್ಡ ಗಲಭೆಗಳಾಗಿದ್ದವು. ಆಮೇಲೆ ಅಲ್ಲಿ ಪೊಲೀಸ್ ಅಧಿಕಾರಿಯಾಗಿ ಬಂದ ಸುರೇಶ್ ಖೋಪಡೆಯವರು ಮೊಹಲ್ಲಾ ಕಮಿಟಿಗಳನ್ನು ಕಟ್ಟಿದರು. ಪ್ರತಿ ಬೀದಿಯ ಹಿಂದೂ ಮುಸ್ಲಿಮರನ್ನು ಪೊಲೀಸರ ಜತೆ ಒಟ್ಟಿಗೆ ಕೂರಿಸಿ ಮಾತಾಡಿಸಿದರು. ಮುಂಬಯಿ ಉರಿಯುವಾಗ ಹತ್ತಿರದ ಭಿವಂಡಿ ಶಾಂತವಾಗಿತ್ತು. ಮಗ್ಗಗಳು ನಡೆದವು, ಮಗ್ಗದವರಿಗೆ ಚಹಾ ಕೊಡುವ ಹೊಟೇಲುಗಳೂ ನಡೆದವು. 1994ರಲ್ಲಿ ಜೂಲಿಯೊ ರಿಬೇರೊ, ಸತೀಶ್ ಸಾಹನಿ, ಸುಶೋಭಾ ಬರ್ವೆ ಮುಂತಾದವರು ಮುಂಬಯಿಯಲ್ಲೂ ಅಂಥ ಕೆಲಸ ಸುರು ಮಾಡಿದರು.

ನಾವು ಮಾಡಬಹುದಾದದ್ದು

1. ವಿಮೆ: ನಿಮ್ಮ ಬೆಂಕಿ ವಿಮೆಯಲ್ಲಿ ಗಲಭೆ, ಮುಷ್ಕರದ ಹಾನಿ ಸೇರಿದೆಯೇ ಎಂದು ಏಜೆಂಟರನ್ನು ಕೇಳಿ. 5 ಕೋಟಿ ರೂ. ವರೆಗಿನ ಆಸ್ತಿಗೆ 2021ರಲ್ಲಿ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯಲ್ಲಿ ಅದು ಸೇರಿದೆ. ಮುಚ್ಚಿದ ದಿನಗಳ ಲಾಭ ನಷ್ಟಕ್ಕೆ ಬೇರೆ ಪಾಲಿಸಿ ಬೇಕು.

2. ಕೆಲಸದವರು: ಪ್ರತಿಯೊಬ್ಬರ ಊರಿನ ವಿಳಾಸ, ಮನೆಯವರ ಫೋನು ನಂಬರು ಬರೆದಿಡಿ. ಹತ್ತು ದಿನಕ್ಕಾಗುವಷ್ಟು ಅಕ್ಕಿ, ಬೇಳೆ, ಗ್ಯಾಸು ಕೈಯಲ್ಲಿರಲಿ.

3. ಗಾಳಿಸುದ್ದಿ: ಆಗ ಫೋನಿನಲ್ಲಿ ಹಬ್ಬುತ್ತಿತ್ತು, ಈಗ ವಾಟ್ಸಾಪಿನಲ್ಲಿ ನಿಮಿಷಕ್ಕೆ ಸಾವಿರ ಜನರಿಗೆ ಮುಟ್ಟುತ್ತದೆ. ನಮ್ಮ ಗಲ್ಲಾದಿಂದ ಅಂಥ ಒಂದು ಮೆಸೇಜೂ ಮುಂದೆ ಹೋಗಬಾರದು. ಹುಡುಗರಿಗೂ ಹೇಳಿ.

4. ಮೊಹಲ್ಲಾ ಕಮಿಟಿ: ನಿಮ್ಮ ಠಾಣೆಯಲ್ಲಿ ಇದ್ದರೆ ಸೇರಿ. ಇಡೀ ಬೀದಿಯ ಜನರನ್ನು ದಿನಾ ನೋಡುವವರು ನಾವು. ಮೀಟಿಂಗಿಗೆ ಜಾಗ, ಚಹಾ ಕೊಡಲು ನಮಗೆ ಕಷ್ಟವಿಲ್ಲ.

5. ಸಪ್ಲೈಯವರ ಹಿಸಾಬು: ಮೊಟ್ಟೆ, ಪಾವ್, ತರಕಾರಿ ಕೊಡುವವರು ಯಾರೇ ಆಗಲಿ, ಗಲಭೆಯ ನೆಪದಲ್ಲಿ ಹಣ ಮುಳುಗಿಸಬೇಡಿ, ಗಲಭೆಯ ಮಾತು ಕೇಳಿ ಅವರನ್ನು ಬಿಡಲೂ ಬೇಡಿ.

ಸಂಘದ ಮುಂದಿನ ಸಭೆಯಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಇಡಬೇಕೆಂದು ಕಾರ್ಯದರ್ಶಿಯವರಲ್ಲಿ ವಿನಂತಿ. 1993ನ್ನು ಕಂಡ ಹಿರಿಯರು ದಯವಿಟ್ಟು ಬಂದು ತಮ್ಮ ಅನುಭವ ಹೇಳಬೇಕು.